ಒಂದು ಮೊಳ ಗೆರೆ

ದೇವರ ಹಿಪ್ಪರಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಟ್ಟ ತಕ್ಷಣ ನಾನು ಸೀನಿದೆ. ಒಂದಲ್ಲ, ಏಳು ಸಲ. ತೊಗರಿ ಒಕ್ಕುವ ರಾಶಿಯ ದಿನಗಳಲ್ಲಿ ಈ ಊರಿನ ಗಾಳಿಯಲ್ಲಿ ಹೊಟ್ಟಿನ ಧೂಳೇ ಜಾಸ್ತಿ. ನಾಲ್ಕು ವರ್ಷದ ಹಿಂದೆ ಇದೇ ಧೂಳಿನಲ್ಲಿ ಒಂದು ಚಳಿಗಾಲವಿಡೀ ಸೀನಿದ್ದೆ. ನಾನು ಮರೆತಿದ್ದೆ, ಮೂಗು ಮರೆತಿರಲಿಲ್ಲ.

ಇಂಡಿಯಿಂದ ಮುದ್ದೇಬಿಹಾಳಕ್ಕೆ ಒಂದು ಮದುವೆಗೆ ಹೊರಟಿದ್ದೆ. ಮುಂದಿನ ಬಸ್ಸಿಗೆ ಒಂದು ತಾಸು ಇತ್ತು. ಮುಖಕ್ಕೆ ಟವೆಲ್ ಸುತ್ತಿಕೊಂಡು ಕಂಬದ ಹಿಂದೆ ಕೂತು ಆ ತಾಸು ಕಳೆಯುವುದು ನನ್ನ ಯೋಜನೆ. ಈ ಊರಿನಲ್ಲಿ ಮುಖ ತೋರಿಸಿದರೆ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಮುಖವೇನೋ ಮುಚ್ಚಿದೆ. ಸೀನನ್ನು ಎಲ್ಲಿ ಮುಚ್ಚಲಿ?

"ಏ, ಶಿಳ್ಳಿ ಮಾಸ್ತರ!" ಎದುರಿನ ಚಹಾದ ಅಂಗಡಿಯಿಂದ ಮಹಾದೇವಕ್ಕ ಕೂಗಿದಳು. "ಆ ಸೀನು ನಿಮ್ದ. ಏಳು ಹಳ್ಳಿಗೆ ಕೇಳ್ತೈತಿ. ಬರ್ರಿ ಇತ್ಲಾಗ, ಮುಸುಕು ತಗೀರಿ."

ತೆಗೆದೆ, ಹೋದೆ. ಅಂಗಡಿಯಲ್ಲಿ ಇಬ್ಬರು ಒಂದು ಮೊಬೈಲಿನ ಮೇಲೆ ಬಗ್ಗಿದ್ದರು. ಒಬ್ಬರು ಹಣಮಂತ ಕಾಕಾ, ಮುದ್ದೇಬಿಹಾಳ ಕಡೆಯವರು, ಬಸ್ಸು ಓಡಿಸಿ ನಿವೃತ್ತರಾಗಿ ಮಗಳ ಮನೆಯಲ್ಲಿ ಇಲ್ಲೇ ಉಳಿದವರು. ಇನ್ನೊಬ್ಬ ಟೇಲರ್ ರಾಜೇಸಾಬ, ಕೊರಳಿಗೆ ಅದೇ ಹಳೆಯ ಟೇಪು. ಮೊಬೈಲಿನಲ್ಲಿ ಅಮೆರಿಕದ ಫುಟ್‌ಬಾಲ್ ಫೈನಲ್ಲಿನ ತುಣುಕು ಓಡುತ್ತಿತ್ತು. ತಲೆಗೆ ಹೆಲ್ಮೆಟ್, ಭುಜಕ್ಕೆ ದಿಂಬು ಕಟ್ಟಿಕೊಂಡ ಆನೆಯಂಥ ಆಳುಗಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

"ಫುಟ್‌ಬಾಲ್ ಅಂತಾರ, ಕೈಯಾಗ ಹಿಡ್ಕೊಂಡು ಓಡಾಕತ್ತಾರಲ್ಲೋ?" ಎಂದರು ಕಾಕಾ.

"ಅಲ್ಲೆ ಹಂಗ, ಕಾಕಾ. ನೋಡ್ರಿಲ್ಲೆ, ಇಂವಾ ಚೆಂಡು ಹಿಡದ. ಹಿಡಿಯೂ ಮುಂದ ಕಾಲಬೆರಳು ಗೆರಿ ಒಳಗ ಇತ್ತೋ, ಹೊರಗ ಹೋಗಿತ್ತೋ, ಅದ ಜಗಳ."

"ಈ ಪಟ್ಟಾಪಟ್ಟಿ ಅಂಗಿಯವ್ರು?"

"ರೆಫ್ರಿಗೋಳು. ಏಳು ಮಂದಿ."

"ಏಳು ಮಂದಿ! ನಮ್ಮ ಕಬಡ್ಡಿ ಫೈನಲ್ಲಿಗೆ ಒಬ್ಬವ ಇದ್ದ, ಅಂವನೂ ಸೀನಾಕತ್ತಿದ್ದ," ಎಂದು ಕಾಕಾ ತಲೆ ಎತ್ತಿದರು. ಆ 'ಒಬ್ಬವ' ಎದುರಿಗೇ ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದ.

ತುಣುಕು ಇನ್ನೂ ಓಡುತ್ತಿತ್ತು. ಆ ಏಳು ಜನರಲ್ಲಿ ಹಿರಿಯನೊಬ್ಬ ಮೈದಾನದ ಅಂಚಿಗೆ ಹೋಗಿ ಪರದೆಯಲ್ಲಿ ನೋಡಿ ಬಂದ, ಸೊಂಟದ ಮೈಕು ಚಾಲೂ ಮಾಡಿ ಏನೋ ಹೇಳಿದ, ಅರ್ಧ ಮೈದಾನ ಕುಣಿಯಿತು, ಅರ್ಧ ತಲೆ ಹಿಡಿದುಕೊಂಡಿತು.

"ಏನಂದಾ?" ಮಹಾದೇವಕ್ಕ ಒಲೆಯ ಹತ್ತಿರದಿಂದಲೇ ಕೇಳಿದಳು.

"ಮೊದಲು ಕೊಟ್ಟಿದ್ದು ತಪ್ಪಾತು ಅಂದ್ನಂತ. ಬದಲ ಮಾಡಿದಾ."

"ಅಷ್ಟು ಮಂದಿ ಮುಂದ? ಮೈಕ್ ಹಚ್ಚಿ?" ಅವಳು ನನ್ನ ಕಡೆ ಒಂದು ನೋಟ ಬೀರಿ ಚಹಾ ಸೋಸಿದಳು. "ಛಲೋ ಮನಶ್ಯಾ ಅಂವಾ."

ನನ್ನ ತಾಸು ಅಲ್ಲಿಗೆ ಹಾಳಾಯಿತು.

ನೀವು ಈ ನಾಲ್ಕು ತಾಲ್ಲೂಕಿನವರಲ್ಲದಿದ್ದರೆ ನನ್ನ ಕಷ್ಟ ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕು ವರ್ಷದಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಾನು ಎಲ್ಲಿ ಸಿಕ್ಕರೂ ಜನ ಕೇಳುವುದು ಒಂದೇ ಮಾತು: "ಆವತ್ತು ಕಾಲು ತಾಗಿತ್ತೋ, ಇಲ್ಲೋ?" ಇಂಡಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವಾಗ ಕತ್ತಿ ಗಂಟಲ ಮೇಲೆ ನಿಂತಿದೆ: ಖರೇ ಹೇಳ್ರಿ ಸರ. ಸಿಂದಗಿಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುವ ಮೊದಲು ಕೇಳಿದ್ದಾನೆ. ಹಲ್ಲಿನ ಡಾಕ್ಟರು ಬಾಯಿಯಲ್ಲಿ ಇಕ್ಕಳ ಇಟ್ಟು ಕೇಳಿದ್ದಾರೆ, "ಆ... ಆ..." ಎಂದಿದ್ದನ್ನು 'ಇಲ್ಲ' ಎಂದು ತಿಳಿದುಕೊಂಡು, ತಾವು ಆವತ್ತು ಸೋತ ಊರಾದ ಗೊಳಸಂಗಿಯವರಾದ್ದರಿಂದ, ಹಲ್ಲನ್ನು ಸ್ವಲ್ಪ ಜೋರಾಗಿಯೇ ಕಿತ್ತರು. ಮೊದಮೊದಲು ನಾನು ವಾದಿಸುತ್ತಿದ್ದೆ. ಆಮೇಲೆ ನಗುತ್ತಿದ್ದೆ. ಈಗೀಗ ತಲೆ ಮಾತ್ರ ಆಡಿಸುತ್ತೇನೆ. ಎತ್ತ ಆಡಿಸಿದೆ ಎಂಬುದರ ಬಗ್ಗೆ ಅವರವರೇ ಜಗಳವಾಡಿಕೊಳ್ಳಲಿ.

ಆ ವರ್ಷ ನಾನು ಈ ಊರಿಗೆ ಬಂದದ್ದು ದೈಹಿಕ ಶಿಕ್ಷಣದ ಅತಿಥಿ ಮೇಷ್ಟ್ರಾಗಿ. ಅರ್ಜಿ ಹಾಕಿದವನು ನಾನೊಬ್ಬನೇ ಇದ್ದುದರಿಂದ ಆಯ್ಕೆಯಲ್ಲಿ ನನಗೆ ಮೊದಲ ಸ್ಥಾನ ಬಂತು. ನನ್ನ ಕಬಡ್ಡಿಯ ಅನುಭವವೆಂದರೆ ಏಳನೇ ತರಗತಿಯಲ್ಲಿ ಮಾಡಿದ ಒಂದು ರೈಡು. ಗೆರೆ ದಾಟಿದ ಮೇಲೆ ಗಾಬರಿಯಲ್ಲಿ 'ಕಬಡ್ಡಿ' ಎನ್ನುವುದು ಮರೆತು 'ಎಸ್ ಸರ್, ಎಸ್ ಸರ್' ಎನ್ನುತ್ತ ಓಡಿದ್ದೆ. ಹಿಡಿಯಲು ಬಂದವರು ನಕ್ಕು ನಕ್ಕು ಬಿದ್ದರು, ನಾನು ಯಾರನ್ನೂ ಮುಟ್ಟದೆ ವಾಪಸು ಬಂದೆ. ಅದೇ ನನ್ನ ಜೀವನದ ಯಶಸ್ವಿ ದಾಳಿ.

ನವೆಂಬರ್ ಕಳೆಯುತ್ತಿದ್ದಂತೆ ಚಳಿ ಬಂತು. ಬೆಳಿಗ್ಗೆ ಮೂಡಣ ಗಾಳಿ ತುಟಿ ಸೀಳುತ್ತಿತ್ತು, ಮಧ್ಯಾಹ್ನ ಅದೇ ಗಾಳಿ ಕಣ್ಣಿಗೆ ಮಣ್ಣು ಎರಚುತ್ತಿತ್ತು. ತೊಗರಿ ಒಣಗಿ ಕಟಾವಿಗೆ ಬಂದ ಮೇಲೆ ನಮ್ಮ ಶಾಲೆಯ ಮೈದಾನದ ಒಂದು ಬದಿಗೆ ಊರವರು ತೊಗರಿ ಬಣವೆ ಒಟ್ಟಿದರು. ಶಾಲೆ ನಡೆಯುವಾಗಲೇ ರಾಶಿ ಮಷಿನ್ನು ಗಡಗಡ ಎನ್ನುತ್ತಿತ್ತು. ನಾನು ಮಕ್ಕಳಿಗೆ 'ಸಾವಧಾನ್' ಅಂದರೆ ಮಷಿನ್ನಿನ ಸದ್ದಿಗೆ ಅವರಿಗೆ 'ವಿಶ್ರಾಮ್' ಎಂದು ಕೇಳಿಸುತ್ತಿತ್ತು. ಆ ತಿಂಗಳು ಮಕ್ಕಳು ಬಹಳ ವಿಶ್ರಾಂತಿ ಪಡೆದರು.

ಆ ಮಷಿನ್ನಿನ ಮೇಲೆ ನಿಂತು ತೊಗರಿ ಒಡ್ಡುತ್ತಿದ್ದವನೇ ಸಂಗಪ್ಪ. ಬಸವನ ಬಾಗೇವಾಡಿ ತಾಲ್ಲೂಕಿನ ಗೊಳಸಂಗಿಯವನು. ಮಷಿನ್ನು ಹೋದ ಊರಿಗೆಲ್ಲ ಹೋಗುತ್ತಿದ್ದ. ನನಗಿಂತ ಮೂರು ತಿಂಗಳು ದೊಡ್ಡವನು, ನನ್ನ ಎರಡರಷ್ಟು ಅಗಲ. ಬೆಳಿಗ್ಗೆ ಹಣೆಗೆ ಹಚ್ಚಿದ ಮೂರು ಬೆರಳ ವಿಭೂತಿ ಸಂಜೆ ಬೆವರು, ಧೂಳು ಎಲ್ಲ ಸೇರಿದರೂ ಅಳಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ನಮ್ಮ ಮೈದಾನದಲ್ಲಿ ಒಬ್ಬನೇ ರೈಡ್ ಅಭ್ಯಾಸ ಮಾಡುತ್ತಿದ್ದ. ಎದುರಿಗೆ ಯಾರೂ ಇಲ್ಲ. ತೊಗರಿ ಬಣವೆಯನ್ನೇ ಎದುರಾಳಿ ಎಂದು ತಿಳಿದು ಮುಟ್ಟಿ, ತಿರುಗಿ, ಜಿಗಿದು ಬರುತ್ತಿದ್ದ. ಪ್ರತಿ ಸಲ ಒಳಗೆ ಹೋಗುವ ಮೊದಲು ಬಗ್ಗಿ ಗೆರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

ಕಬಡ್ಡಿಯ ನಿಯಮಗಳನ್ನು ನನಗೆ ಕಲಿಸಿದವನು ಅವನೇ. ಮೇಷ್ಟ್ರಿಗೆ ಕಲಿಸುತ್ತಿದ್ದೇನೆ ಎಂದು ಒಮ್ಮೆಯೂ ತೋರಿಸಿಕೊಳ್ಳಲಿಲ್ಲ. "ನಿಮಗ ಗೊತ್ತ ಇರ್ತೈತಿ ಸರ, ಆದ್ರೂ ಹೇಳ್ತೇನಿ," ಎಂದೇ ಶುರು ಮಾಡುತ್ತಿದ್ದ. ಹಿಡಿದವರ ಕೈಯಲ್ಲಿದ್ದರೂ ರೈಡರನ ಮೈಯ ಯಾವುದೇ ಭಾಗ, ಒಂದು ಕಾಲಬೆರಳಾದರೂ ಸೈ, ನಡುಗೆರೆಗೆ ತಾಗಿದರೆ ಅವನು ಉಳಿದ, ಹಿಡಿದವರೆಲ್ಲ ಔಟು. ಇದನ್ನು ಅವನು ನನಗೆ ಬಣವೆಯ ಪಕ್ಕ ಅಂಗಾತ ಬಿದ್ದು, ಕಾಲು ಚಾಚಿ ತೋರಿಸಿದ್ದ. ಒಮ್ಮೆ ನಾನು ಸೀಟಿ ಊದುವುದರ ಬದಲು ಒಳಗೆ ಎಳೆದುಕೊಂಡು ಅದರ ಗುಂಡನ್ನೇ ನುಂಗಿದೆ. ಅವನು ಬೆನ್ನಿಗೆ ಗುದ್ದಿದ, ಗುಂಡು ಬರಲಿಲ್ಲ. "ಇರ್ಲಿ ಬಿಡ್ರಿ," ಅಂದ, "ಇನ್ನು ಸೀಟಿ ಇಲ್ಲದಿದ್ರೂ ನಡೀತೈತಿ ನಿಮಗ."

ಜನವರಿಯಲ್ಲಿ ನಾಲ್ಕು ತಾಲ್ಲೂಕಿನ ಕಬಡ್ಡಿ ನಮ್ಮ ಮೈದಾನದಲ್ಲೇ ಎಂದು ನಿಶ್ಚಯವಾಯಿತು. ಫೈನಲ್ಲಿಗೆ ಬಂದದ್ದು ಎರಡು ಊರು. ಒಂದು ಗೊಳಸಂಗಿ. ಇನ್ನೊಂದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ. ಕೃಷ್ಣೆಯಲ್ಲಿ ಈಜಿ ಈಜಿ ತೋಳು ಬಲಿತ ಹುಡುಗರು. ಗೆದ್ದ ತಂಡದ ಏಳೂ ಜನ ವಿಭಾಗ ಮಟ್ಟದ ಆಯ್ಕೆಗೆ ಹೋಗುತ್ತಾರೆ, ಸೋತವರು ಮನೆಗೆ. ಅಲ್ಲಿ ಆಟ ಮಣ್ಣಿನ ಮೇಲಲ್ಲ, ಮ್ಯಾಟಿನ ಮೇಲೆ. ಸಂಗಪ್ಪನಿಗೆ ಅದು ಕೊನೆಯ ವರ್ಷ. ಬರುವ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತಿತ್ತು.

"ಒಂದ್ಸಲ ಆ ಮ್ಯಾಟಿನ ಮ್ಯಾಲೆ ಆಡಿ ನೋಡಬೇಕ್ರಿ ಸರ," ಎಂದಿದ್ದ. "ಆರಿಸಿ ಬರ್ತೇನೋ ಇಲ್ಲೋ, ಅದು ಬ್ಯಾರೆ. ನಮ್ಮವ್ವಗ ಹೇಳೀನಿ, ಈ ಸಲ ರಾಶಿ ಮುಗಿಯೂದ್ರಾಗ ನಾ ಮ್ಯಾಟಿನ ಮ್ಯಾಲೆ ಇರ್ತೇನಿ ಅಂತ."

ಫೈನಲ್ಲಿನ ರೆಫ್ರಿಯಾಗಿ ಬರಬೇಕಾದವರಿಗೆ ಅವತ್ತೇ ಜ್ವರ ಬಂತು. ಅಂಕಣ ಹಾಕಲು ನಾನು ಹೇಗೂ ಅಲ್ಲೇ ಇದ್ದೆ, ಕೊರಳಲ್ಲಿ ಸೀಟಿಯೂ ಇತ್ತು. ಗುಂಡಿಲ್ಲದ ಸೀಟಿ, ಆದರೆ ದೂರದಿಂದ ಯಾರಿಗೆ ಕಾಣುತ್ತದೆ? "ನೀವ ನಿಂದರ್ರಿ," ಎಂದರು. ಅಳೆಯಲು ಟೇಪಿದ್ದ ಒಂದೇ ಕಾರಣಕ್ಕೆ ಟೇಲರ್ ರಾಜೇಸಾಬನನ್ನು ಪಕ್ಕದ ಗೆರೆಯ ಅಂಪೈರ್ ಮಾಡಿದೆವು.

ಮೊದಲ ಅನಾಹುತ ಆ ಟೇಪು. ಅದರ ಮೊದಲ ಆರು ಇಂಚು ಯಾವಾಗಲೋ ಹರಿದುಹೋಗಿತ್ತು. ಗಿರಾಕಿಗಳ ಎದೆ, ತೋಳು ಅಳೆಯುವಾಗ ರಾಜೇಸಾಬ ಆ ಆರು ಇಂಚನ್ನು ಮನಸ್ಸಿನಲ್ಲೇ ಲೆಕ್ಕ ಹಿಡಿಯುತ್ತಿದ್ದ, ಹಾಗಾಗಿ ಅಂಗಿಗಳೆಲ್ಲ ಸರಿ ಬರುತ್ತಿದ್ದವು. ಅಂಕಣ ಅಳೆಯುವಾಗ ಮರೆತ. ಪೂರ್ತಿ ಸುಣ್ಣ ಎಳೆದ ಮೇಲೆ ದೂರ ನಿಂತು ನೋಡಿದರೆ ಅಂಕಣ ಕುಂಟೆಬಿಲ್ಲೆ ಆಡುವ ಮನೆಯಂತೆ ಕಂಡಿತು. ಎಲ್ಲ ಅಳಿಸಿ ಮತ್ತೆ ಎಳೆದೆ. ಎರಡನೆಯ ಸಲ ನಡುಗೆರೆಯ ಕೊನೆಗೆ, ತೊಗರಿ ಬಣವೆಯ ಕಡೆ, ಒಂದು ಮೊಳ ಉಳಿದಿರುವಾಗ ಸುಣ್ಣ ಮುಗಿಯಿತು.

ಸಂತೆಯ ದಿನ. ಸುಣ್ಣದ ಅಂಗಡಿಯವನು ಬೀಗ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದಿದ್ದ. ಎದ್ದರೆ ಕುರ್ಚಿ ಹೋಗುತ್ತದೆಂದು ಏಳಲಿಲ್ಲ. ಅತಿಥಿಗಳು ಮಾಲೆ ಹಾಕಿಸಿಕೊಳ್ಳುತ್ತಿದ್ದರು. ನಾನು ಚೀಲ ತಡಕಾಡಿದೆ. ಮೊದಲ ಸಲ ದೊಡ್ಡ ಆಟ ನಡೆಸುತ್ತಾನೆ, ಮರ್ಯಾದೆ ಉಳಿಯಲಿ ಎಂದು ಅವ್ವ ಇಂಡಿಯಿಂದ ಕೊಟ್ಟು ಕಳಿಸಿದ್ದ ಎರಡು ವಿಭೂತಿ ಗಟ್ಟಿ, ನಮ್ಮ ಕಡೆಯ ಮಾತಿನಲ್ಲಿ ಈಬತ್ತಿ, ಸಿಕ್ಕವು.

ಸುಣ್ಣ, ವಿಭೂತಿ ಎರಡೂ ಬಿಳಿಯೇ ಅಲ್ಲವೇ ಎಂದುಕೊಂಡೆ. ಮೂವತ್ತು ತಲೆಮಾರು ವಿಭೂತಿ ಹಚ್ಚಿದ ಮನೆತನದಲ್ಲಿ ಹುಟ್ಟಿ, ಅದನ್ನು ಪುಡಿ ಮಾಡಿ ನೆಲದ ಮೇಲೆ, ಹದಿನಾಲ್ಕು ಜನ ತುಳಿಯುವ ಜಾಗದಲ್ಲಿ ಉದುರಿಸಿದೆ. ಗೆರೆ ಬಹಳ ನುಣುಪಾಗಿ, ಸುಣ್ಣಕ್ಕಿಂತ ಚಂದ ಬಂತು. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿದೆ.

ಆಟ ಶುರುವಾಯಿತು. ಮೊದಲರ್ಧ ಹೇಗೋ ಕಳೆಯಿತು. ಗುಂಡಿಲ್ಲದ ಸೀಟಿ 'ಫುಸ್' ಎಂದಾಗಲೆಲ್ಲ ನಾನು ಬಾಯಿಯಿಂದಲೇ 'ಪೀ' ಎಂದು ಸೇರಿಸುತ್ತಿದ್ದೆ. ಜನ ಅದನ್ನೂ ನಿಯಮ ಎಂದುಕೊಂಡರು. ಅಂಕಣದ ಬದಿ ಬದಲಾದ ಮೇಲೆ ಸಂಗಪ್ಪ ಮೊದಲ ಸಲ ಬಣವೆಯ ಕಡೆಯಿಂದ ಒಳಗೆ ಹೊರಟ. ಎಂದಿನಂತೆ ಬಗ್ಗಿ ಗೆರೆ ಮುಟ್ಟಿದ. ಬೆರಳು ಅಲ್ಲೇ ನಿಂತವು. ಎರಡು ಬೆರಳು ತಿಕ್ಕಿ ನೋಡಿದ, ಮೂಸಿದ, ಹಣೆಗೆ ಹಚ್ಚಿಕೊಂಡ. ಆಮೇಲೆ ನನ್ನನ್ನು ನೋಡಿದ. ಗೆರೆ ಚೆನ್ನಾಗಿದೆಯೇ ಎಂದು ಕೇಳುತ್ತಿದ್ದಾನೆಂದು ತಿಳಿದು ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಅಲ್ಲಿಂದ ಮುಂದೆ ಅವನು ಆ ಮೂಲೆ ಬಿಟ್ಟು ಇನ್ನೊಂದು ಕಡೆಯಿಂದಲೇ ಒಳಗೆ ಹೋಗಿ ಬಂದ. ಜನ ಇದು ಹೊಸ ಚಾಲು ಅಂದರು.

ಕೊನೆಯ ರೈಡು. ತಂಗಡಗಿ ಎರಡು ಪಾಯಿಂಟ್ ಮುಂದೆ. ಬಿಸಿಲು ಬಣವೆಯ ಹಿಂದೆ ಇಳಿದು ಅಂಕಣದ ಮೇಲೆ ಉದ್ದನೆಯ ನೆರಳು ಬಿದ್ದಿತ್ತು. ಸಂಗಪ್ಪ ಹೋದ, ಒಬ್ಬನನ್ನು ಮುಟ್ಟಿದ, ತಿರುಗಿದ. ಮುಟ್ಟಿಸಿಕೊಂಡವನೂ ಸೇರಿ ನಾಲ್ಕು ಜನ ಒಟ್ಟಿಗೆ ಬಿದ್ದು ಸೊಂಟ, ಭುಜ, ಒಂದು ತೊಡೆ ಹಿಡಿದರು. ಅವರನ್ನೂ ಎಳೆದುಕೊಂಡೇ ಬಂದ. ಬೇಡವೆಂದರೂ ಆ ಗುಂಪು ಅವನನ್ನು ಬಣವೆಯ ಮೂಲೆಗೇ ತಳ್ಳಿತು. ಅಂಗಾತ ಬಿದ್ದ, ನನಗೆ ಕಲಿಸುವಾಗ ಬಿದ್ದಿದ್ದ ಹಾಗೆಯೇ. ಬಲಗಾಲು ಚಾಚಿತು. ನಾಲ್ವರೂ ಹಿಡಿದಿದ್ದಾರೆ, ತಾಗಿದರೆ ನಾಲ್ಕು ಪಾಯಿಂಟು. ಬೆರಳು ಗೆರೆಯ ಹತ್ತಿರ ಹೋಯಿತು.

ಹೋದ ಕಾಲು ಕೆಂಡ ಮುಟ್ಟಿದ ಹಾಗೆ ಹಿಂದಕ್ಕೆ ಬಂತು. ಅವನು ಹೊರಳಿ ಬೋರಲಾಗಿ ಕೈ ಚಾಚಿದ. ಅಷ್ಟರಲ್ಲಿ ನಾಲ್ವರೂ ಅವನನ್ನು ಒಳಗೆಳೆದುಕೊಂಡಿದ್ದರು. 'ಕಬಡ್ಡಿ' ನಿಂತಿತು.

ನನ್ನ ತಲೆ ಅಂದು ಮೊದಲ ಸಲ ಕೆಲಸ ಮಾಡಿತು. ಅದೇ ತಪ್ಪಾಯಿತು. ತಾಗಿದ್ದರೆ ಯಾವ ಹುಚ್ಚ ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ? ತೆಗೆದುಕೊಂಡನೆಂದರೆ ತಾಗಿಲ್ಲ. ಔಟು. ಫುಸ್, ಪೀ. ಆಮೇಲೆ ಸೀನು ಬಂತು. ಆಮೇಲೆ, ಗಮನಿಸಿ. ಸೀನುವಾಗ ಕಣ್ಣು ಮುಚ್ಚಿತ್ತು ಎಂಬ ಇಂಡಿಯವರ ವಾದಕ್ಕೆ ಆಧಾರವಿಲ್ಲ.

ಕುರ್ಚಿಗಳು ಹಾರಿದವು. ಗೊಳಸಂಗಿಯವರು ಅಂಕಣಕ್ಕೆ ನುಗ್ಗಿದರು. ನಾನು ರಾಜೇಸಾಬನನ್ನು ನೋಡಿದೆ. ಆ ಗದ್ದಲದಲ್ಲೂ ಅವನು ಎದುರು ಬದಿಯಲ್ಲಿ ಟೇಪು ಹಿಡಿದು ಯಾವುದೋ ಅಳತೆ ಮಾಡುತ್ತಿದ್ದ. ಅತಿಥಿಗಳ ಜೀಪು ಮಾಲೆ ಸಮೇತ ಹೊರಟುಹೋಯಿತು. ಯಾರೋ ನನ್ನ ಕಾಲರು ಹಿಡಿದಿದ್ದರು.

ಸಂಗಪ್ಪ ಎದ್ದು ಕೂತು ತನ್ನ ಬಲಗಾಲು ನೋಡಿಕೊಂಡ. ಅಂಕಣದ ಅಂಚಿನಲ್ಲಿಟ್ಟಿದ್ದ ಟವೆಲ್ಲು ಎಳೆದುಕೊಂಡು ಬೆರಳು ಒರೆಸಿದ. ಆ ಟವೆಲ್ಲು ಕಣ್ಣಿಗೊತ್ತಿಕೊಂಡ. ಅಳುತ್ತಿದ್ದಾನೆ ಅಂದುಕೊಂಡೆ.

"ಹೇಳಲೇ ಸಂಗ್ಯಾ, ತಾಗೈತೋ ಇಲ್ಲೋ?" ಅವನ ತಂಡದವರು ಚೀರಿದರು. "ನೀ ಹೇಳು, ಈ ಶಿಳ್ಳಿ ಮಾಸ್ತರನ್ನ ಇಲ್ಲೇ ಹುಗೀತೇವಿ."

ಅವನು ಎದ್ದು ಬಂದು ನನ್ನ ಕಾಲರಿನ ಮೇಲಿದ್ದ ಕೈ ಬಿಡಿಸಿದ. "ಸೀಟಿ ಹೊಡದಾರಲ್ಲ, ಮುಗೀತು," ಅಂದ. "ನಡೀರಿ ಮನಿಗೆ."

ಆಟ ಮುಗಿಯಿತು, ವಾದ ಶುರುವಾಯಿತು. ಕಾಲು ತಾಗಿರಲಿಲ್ಲ, ನಾಲ್ಕು ಬೆರಳು ದೂರವಿತ್ತು ಎಂದು ಮುದ್ದೇಬಿಹಾಳದವರು. ತಾಗಿತ್ತು, ಮಾಸ್ತರನಿಗೆ ತಂಗಡಗಿಯವರು ಒಂದು ತಟ್ಟೆ ಮಿರ್ಚಿ ಭಜಿ ತಿನ್ನಿಸಿದ್ದಾರೆ ಎಂದು ಬಾಗೇವಾಡಿಯವರು. ಭಜಿ ತಿಂದದ್ದು ನಿಜ. ಅದು ಮಹಾದೇವಕ್ಕನ ಅಂಗಡಿಯದು, ಗೊಳಸಂಗಿಯವರೂ ಪಕ್ಕದಲ್ಲೇ ತಿನ್ನುತ್ತಿದ್ದರು. ರಾಶಿ ಮುಗಿಯುವ ತನಕ ಮಷಿನ್ನಿನ ಸದ್ದನ್ನೂ ಮೀರಿ ಈ ಮಾತೇ ನಡೆಯಿತು. ನನಗೆ ನಿದ್ದೆ ಬಾರದಾಯಿತು, ಊಟ ಸೇರದಾಯಿತು. ಯಾರಿಗೂ ಹೇಳದ ಒಂದು ಸಂಶಯ ಮಾತ್ರ ಒಳಗೆ ಉಳಿಯಿತು: ಅದು ವಿಭೂತಿ ಎಂದು ಗೊತ್ತಾಗಿಯೇ ಅವನು ಕಾಲು ಹಿಂದಕ್ಕೆ ತೆಗೆದನೇ? ಹಾಗಾದರೆ ಅವನ ಮ್ಯಾಟು ತಪ್ಪಿಸಿದ್ದು ನನ್ನ ಒಂದು ಮೊಳ ಗೆರೆ. ಕೇಳುವ ಧೈರ್ಯವಾಗಲಿಲ್ಲ. ಮಷಿನ್ನು ಬೇರೆ ಊರಿಗೆ ಹೋಯಿತು. ತಂಗಡಗಿಯ ಏಳು ಜನ ಆಯ್ಕೆಗೆ ಹೋದರು. ಏಪ್ರಿಲ್‌ನಲ್ಲಿ ನನ್ನ ಅವಧಿ ಮುಗಿಯಿತು, ಸೀನುತ್ತ ಬಸ್ಸು ಹತ್ತಿದೆ.

ಈಗ ಅದೇ ಅಂಗಡಿಯಲ್ಲಿ, ಅದೇ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದರೆ ಎದುರಿಗೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹಿಂದೆ ರಾಶಿ ಮಷಿನ್ನು. ಇಳಿದವನ ಹಣೆಯಲ್ಲಿ ಮೂರು ಗೆರೆ. ಸ್ವಲ್ಪ ದಪ್ಪಗಾಗಿದ್ದ.

"ಬಾರಪಾ, ನೀನ ಬೇಕಿತ್ತು," ಎಂದರು ಹಣಮಂತ ಕಾಕಾ. "ನಿನ್ನ ಮಾಸ್ತರ ಸಿಕ್ಕಾನ. ಇವತ್ತ ಇತ್ಯರ್ಥ ಆಗಿಬಿಡ್ಲಿ. ತಾಗಿತ್ತೋ, ಇಲ್ಲೋ?"

"ಬಿಡ್ರಿ ಕಾಕಾ, ಎಷ್ಟ ವರ್ಷ ಆತು," ಎಂದು ಸಂಗಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟ. "ಸರ, ಸೀಟಿ ಹೊಸಾದು ತಗೊಂಡೀರಿಲ್ಲೋ?"

ನಗಲು ಹೋದೆ, ಆಗಲಿಲ್ಲ. ಬಹಳ ದಣಿದಿದ್ದೆ. ನಾಲ್ಕು ವರ್ಷ ಒಂದೇ ಪ್ರಶ್ನೆಗೆ ತಲೆ ಆಡಿಸಿದರೆ ಕುತ್ತಿಗೆ ಮಾತ್ರ ನೋಯುವುದಿಲ್ಲ. ಅವನನ್ನು ಟ್ರ್ಯಾಕ್ಟರಿನ ಮರೆಗೆ ಕರೆದೆ.

"ಸಂಗಪ್ಪ, ಆ ಮೂಲ್ಯಾಗ ಸುಣ್ಣ ಇರಲಿಲ್ಲ. ಸುಣ್ಣ ಮುಗದಿತ್ತು. ನಾನು..."

"ಈಬತ್ತಿ ಹಾಕಿದ್ರಿ. ಗೊತ್ತೈತಿ." ಅವನು ಚಕ್ರದ ಮಣ್ಣು ಕೆರೆಯುತ್ತ ಹೇಳಿದ. "ಮುಟ್ಟಿದ ಕೂಡ್ಲೇ ಗೊತ್ತಾತು. ದಿನಾ ಹಚ್ಚೂ ಬೆರಳಿಗೆ ತಿಳಿಯಂಗಿಲ್ಲೇನ್ರಿ? ನಿಮ್ಮನ್ನ ನೋಡಿದ್ನಿ. ನೀವು ಹೆಬ್ಬಟ್ಟು ತೋರಿಸಿದ್ರಿ."

"ಅದಕ್ಕ ಕಾಲು ಹಿಂದಕ್ಕ ತಗೊಂಡಿ. ಮುಟ್ಟಲಿಲ್ಲ. ನನ್ನಿಂದ ಹೋತು ನಿನ್ನ ಮ್ಯಾಟು."

ಅವನು ಕೆರೆಯುವುದು ನಿಲ್ಲಿಸಿದ. "ಇಲ್ರಿ ಸರ. ತಾಗಿತ್ತು."

"ಏನು?"

"ತಾಗಿತ್ತು. ಈ ಹೆಬ್ಬೆರಳು, ಇದರ ಬಾಜೂದು, ಎರಡೂ. ಕಾಲಿಗೆ ಈಬತ್ತಿ ಹತ್ತಿತಲ್ಲಾ ಅಂತ ಜೀವ ಝಲ್ ಅಂತು, ಎಳಕೊಂಡ್ನಿ. ಕೈ ಚಾಚಿದ್ದು ನಮಸ್ಕಾರ ಮಾಡಾಕರಿ, ಗೆರಿ ಮುಟ್ಟಾಕಲ್ಲ. ಗೆರಿ ಮುಟ್ಟಿ ಆಗಿತ್ತು."

ಟ್ರ್ಯಾಕ್ಟರಿನ ಇಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ನನಗೆ ಆ ಟವೆಲ್ಲು ನೆನಪಾಯಿತು. ಅಳುತ್ತಿದ್ದಾನೆ ಅಂದುಕೊಂಡಿದ್ದ ಟವೆಲ್ಲು.

"ಮತ್ತ ಯಾಕ ಹೇಳಲಿಲ್ಲೋ?"

"ಹ್ಯಾಂಗ ಹೇಳಲಿ? ತಾಗಿದ್ದು ಖರೇ ಅಂದ್ರ ಕಾಲು ಯಾಕ ತಗದಿ ಅಂತಾರ. ಈಬತ್ತಿ ಇತ್ತು ಅಂದ್ರ ಈಬತ್ತಿ ನೆಲಕ್ಕ ಯಾಂವ ಹಾಕಿದಾ ಅಂತಾರ. ಆವತ್ತಿನ ಸಿಟ್ಟಿನ್ಯಾಗ ನಿಮ್ಮನ್ನ ಉಳಸ್ತಿದ್ರೇನ್ರಿ?" ಮತ್ತೆ ಚಕ್ರದ ಮಣ್ಣಿಗೆ ಕೈ ಹಾಕಿ ಅಂದ, "ನನಗೂ ಹೆದರಿಕಿ ಇತ್ತು. ತುಳದೀನಿ, ತಪ್ಪಾತು ಅಂತ. ಮನಿಗೆ ಹೋಗಿ ನಮ್ಮವ್ವನ ಮುಂದ ಹೇಳಿದ್ನಿ. ಆಕಿ ನಕ್ಕಬಿಟ್ಟಳು. ಮೈತುಂಬ ಹಚ್ಚಕೊಳ್ಳೂದಲ್ಲೇನೋ ಅದು, ಕಾಲು ಮೈಯಾಗ ಇಲ್ಲೇನು ಅಂದ್ಲು. ಅಷ್ಟರಾಗ ತಂಗಡಗಿಯವ್ರ ಹೆಸರು ಹೋಗಿತ್ತು."

ಇಷ್ಟನ್ನು ಅವನು ಬೇರೆ ಯಾರದೋ ಊರಿನ ಸುದ್ದಿ ಹೇಳುವವನಂತೆ ಹೇಳಿದ. ನಾನು ಜೀವಮಾನವಿಡೀ ನನ್ನ ಎಡವಟ್ಟುಗಳನ್ನು ಹಿಗ್ಗಿಸಿ ಹೇಳಿ ಜನರನ್ನು ನಗಿಸಿದವನು. ಈ ಒಂದನ್ನು ಹಿಗ್ಗಿಸಲು ಜಾಗವೇ ಇರಲಿಲ್ಲ.

ಅಂಗಡಿಗೆ ವಾಪಸು ಹೋಗಿ ಬೆಂಚಿನ ಮೇಲೆ ಹತ್ತಿ ನಿಂತೆ. ತಲೆಗೆ ತಗಡು ಬಡಿಯಿತು, ಆದರೂ ಇಳಿಯಲಿಲ್ಲ.

"ಕೇಳ್ರಿ. ನಾ ಆವತ್ತು ಕೊಟ್ಟದ್ದು ತಪ್ಪು. ಸಂಗಪ್ಪನ ಕಾಲು ತಾಗಿತ್ತು. ಆ ಮೂಲ್ಯಾಗ ಸುಣ್ಣ ಸಾಲದ ನಾನ ಈಬತ್ತಿ ಹಾಕಿದ್ನಿ. ಕಾಲಿಗೆ ಈಬತ್ತಿ ಹತ್ತಿತು ಅಂತ ಅಂವಾ ಹಿಂದಕ್ಕ ಎಳಕೊಂಡ. ಮುಟ್ಟಿದ ಮ್ಯಾಲೆ ಎಳಕೊಂಡ. ನಾಲ್ಕು ಪಾಯಿಂಟು ಗೊಳಸಂಗಿದು. ಫೈನಲ್ಲು ಗೊಳಸಂಗಿದು. ತಪ್ಪು ನಂದು."

ಮಹಾದೇವಕ್ಕನ ಚಹಾ ಉಕ್ಕಿ ಒಲೆಗೆ ಬಿತ್ತು. ಹೊಡೆಯುತ್ತಾರೆ, ಹೊಡೆಯಲಿ, ಆಮೇಲೆ ಬಸ್ಸಿನಲ್ಲಿ ನಿದ್ದೆಯಾದರೂ ಬರುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ.

"ಒಂದು ನಿಮಿಷ," ಎಂದರು ಹಣಮಂತ ಕಾಕಾ, ಬಹಳ ನಿಧಾನವಾಗಿ. "ಗೆರಿ ಅಂದ್ರ ಸುಣ್ಣದ್ದು. ಹೌದಿಲ್ಲೋ? ಈಬತ್ತಿ ಹಾಕಿದ್ದು ಗೆರಿ ಹ್ಯಾಂಗ ಆಗ್ತೈತಿ? ಗೆರಿನ ಇಲ್ಲ ಅಂದ ಮ್ಯಾಲೆ ತಾಗೂದು ಎಲ್ಲಿಂದ ಬಂತು? ಮಾಸ್ತರ ಕೊಟ್ಟದ್ದ ಬರೋಬರಿ!"

"ಏ ಕಾಕಾ, ಬಾಯಿ ಐತಿ ಅಂತ ಮಾತಾಡಬ್ಯಾಡ್ರಿ," ರಾಜೇಸಾಬ ಟೇಪು ಎಳೆದುಕೊಂಡು ಎದ್ದ. "ಗೆರಿ ಅನ್ನೂದು ಅಳತಿ. ನಾ ಅಳದು ಕೊಟ್ಟ ಜಾಗಾ ಅದು. ಸುಣ್ಣ ಇರ್ಲಿ, ರಂಗೋಲಿ ಇರ್ಲಿ."

"ನಿನ್ನ ಟೇಪಿಗೆ ಆರಿಂಚು ಇಲ್ಲ, ನೀ ಅಳತಿ ಹೇಳ್ತಿ?"

"ಅಂದ್ರ ಅವತ್ತಿನ ಆಟಾನ ರದ್ದು ಆಗಬೇಕು," ಎಂದ ಬಸ್ಸಿಗೆ ಕಾಯುತ್ತಿದ್ದ ಸಿಂದಗಿಯವನೊಬ್ಬ, ಕೇಳದೆಯೇ. "ಮತ್ತೊಮ್ಮೆ ಆಡಸ್ರಿ."

"ಮಾಸ್ತರ, ನೀವು ಕೆಳಗ ಇಳೀರಿ," ಕಾಕಾ ನನ್ನ ಕಡೆ ನೋಡದೆ ಅಂದರು. "ನಿಮಗೇನ್ ಗೊತ್ತೈತಿ? ನೀವು ರೆಫ್ರಿ ಇದ್ರಿ, ಅಷ್ಟ. ಆಟ ನೋಡಿದವ್ರು ನಾವು."

ಹೊಡೆಯಲೂ ಇಲ್ಲ. ಅವರಿಗೆ ಇನ್ನೂ ನಾಲ್ಕು ವರ್ಷಕ್ಕಾಗುವಷ್ಟು ಸಾಮಾನು ಕೊಟ್ಟಿದ್ದೆ. ಇಳಿಯಲು ಕಾಲು ಇಟ್ಟಾಗ ಬಾಗಿಲಲ್ಲಿ ನಿಂತಿದ್ದ ಸಂಗಪ್ಪ ಕಂಡ. ಕೈಯಲ್ಲಿ ಚಹಾದ ಲೋಟ. ಆ ಗದ್ದಲದಲ್ಲಿ ಅವನ ಮಾತು ಕೇಳಿಸಲಿಲ್ಲ. ಬಾಯಿ ಚಲಿಸಿದ್ದನ್ನು ನೋಡಿ, ಮಹಾದೇವಕ್ಕ ಒಲೆಯ ಬಳಿಯಿಂದ ನನಗೆ ದಾಟಿಸಿದಳು.

"ಒಂದ್ಸಲ ಕೈ ಎತ್ತರಿ ಅನ್ನಾಕತ್ತಾನ. ಆವತ್ತು ಎತ್ತಬೇಕಿತ್ತಲ್ಲ, ಅದನ್ನ."

ಬೆಂಚಿನ ಮೇಲೆ ನೆಟ್ಟಗೆ ನಿಂತೆ. ಸೀಟಿ ಇರಲಿಲ್ಲ, ಬಾಯಿಯಿಂದಲೇ 'ಪೀ' ಎಂದೆ. ಅವನ ಕಡೆಗೆ ಬಲಗೈ ಎತ್ತಿ, ಹೆಬ್ಬೆರಳು ಮಡಿಸಿ, ನಾಲ್ಕು ಬೆರಳು ತೋರಿಸಿದೆ. ವಾದಿಸುತ್ತಿದ್ದವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಸಂಗಪ್ಪ ನೋಡಿದ. ನಾನು ಕೈ ಇಳಿಸುವವರೆಗೂ ನೋಡಿದ. ಲೋಟ ಕಟ್ಟೆಯ ಮೇಲಿಟ್ಟು, "ರಾಶಿ ಐತ್ರಿ," ಎಂದು ಮಹಾದೇವಕ್ಕನಿಗೆ ಹೇಳಿ ಟ್ರ್ಯಾಕ್ಟರು ಹತ್ತಿದ. ಅದು ಹೊರಟಾಗ ಎದ್ದ ಧೂಳಿಗೆ ನನಗೆ ಮತ್ತೆ ಸೀನು ಬಂತು.